ಎದ್ದವಳಿಗೆ ಊಟ: ಮಾನವ ಕಳ್ಳಸಾಗಣೆಯಿಂದ ಪಾರಾದವರು, ದೂರವಾಣಿ ಮತ್ತು ಧರ್ಮಕೇಂದ್ರ

ಯಾಯೀರನ ಮಗಳನ್ನು ಯೇಸುಸ್ವಾಮಿ ಎಬ್ಬಿಸಿದ ಪ್ರಸಂಗವನ್ನು (ಮಾರ್ಕ 5:35-43) ಬೋಧಿಸುವಾಗ ನಾವು ಸಾಮಾನ್ಯವಾಗಿ ‘ತಲಿಥಾ ಕೂಮ್’ ಎಂಬ ಎರಡು ಅರಮಾಯಿಕ ಪದಗಳ ಬಳಿಯೇ ನಿಂತುಬಿಡುತ್ತೇವೆ. ಆ ಪದಗಳ ಹಿಂದೆ ಮುಂದೆ ಶುಭಸಂದೇಶಕಾರನು ದಾಖಲಿಸಿರುವ ಇನ್ನು ಕೆಲವು ಸಂಗತಿಗಳಿವೆ. ಮನೆಯಲ್ಲಿ ಗದ್ದಲವೆಬ್ಬಿಸುತ್ತಿದ್ದ ಜನರನ್ನು ಪ್ರಭು ಮೊದಲು ಹೊರಗೆ ಕಳುಹಿಸುತ್ತಾರೆ. ಒಳಗೆ ಉಳಿಯುವವರು ತಂದೆತಾಯಿ ಮತ್ತು ಮೂವರು ಶಿಷ್ಯರು ಮಾತ್ರ. ಹುಡುಗಿ ಎದ್ದು ನಡೆದಾಡಿದ ಮೇಲೆ ಈ ವಿಷಯ ಯಾರಿಗೂ ತಿಳಿಯಬಾರದೆಂದು ಕಟ್ಟಪ್ಪಣೆ ಮಾಡುತ್ತಾರೆ. ಕೊನೆಗೆ, ಅವಳಿಗೆ ಏನಾದರೂ ತಿನ್ನಲು ಕೊಡಿ ಎನ್ನುತ್ತಾರೆ. ಗೌಪ್ಯತೆಯ ಆ ಅಪ್ಪಣೆಯನ್ನು ವ್ಯಾಖ್ಯಾನಕಾರರು ‘ಮೆಸ್ಸೀಯನ ರಹಸ್ಯ’ವೆಂದು ವಿವರಿಸುವುದುಂಟು; ಅದು ಸರಿಯೇ. ಆದರೆ ಹನ್ನೆರಡು ವರ್ಷದ ಆ ಬಾಲೆಯ ಕಡೆಯಿಂದಲೂ ಅದನ್ನು ಓದಬಹುದು. ಮರುದಿನ ಅವಳು ಅದೇ ಬೀದಿಯಲ್ಲಿ ನಡೆಯಬೇಕಾಗಿತ್ತು. ಬೀದಿಗೆಲ್ಲ ಬೆರಳು ತೋರಿಸಲು ಒಂದು ಕಥೆಯಾಗದೆ ಬದುಕುವ ಹಕ್ಕು ಅವಳಿಗೂ ಇತ್ತು.

ಮಾನವ ಕಳ್ಳಸಾಗಣೆಯ ವಿರುದ್ಧ ದುಡಿಯುವ ಧರ್ಮಭಗಿನಿಯರ ಅಂತರರಾಷ್ಟ್ರೀಯ ಜಾಲವೊಂದು 2009ರಲ್ಲಿ ರೂಪುಗೊಂಡಾಗ ತನ್ನ ಹೆಸರನ್ನು ಈ ಪ್ರಸಂಗದಿಂದಲೇ ಆರಿಸಿಕೊಂಡಿತು: ತಲಿಥಾ ಕುಮ್. ಇಂದು ಇಂತಹ ಸೇವೆಯ ಬಹುಪಾಲು ದೂರವಾಣಿ, ಜಾಲತಾಣ, ಆ್ಯಪ್‌ಗಳ ಮೂಲಕ ನಡೆಯುತ್ತಿದೆ. ಅವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ನಿಂತುಹೋಗುತ್ತವೆ, ಅಲ್ಲಿ ಧರ್ಮಕೇಂದ್ರದ ಗುರುವಿನ ಪಾಲೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ದಾವಣಗೆರೆ ತಾಲ್ಲೂಕಿನ ಆನಗೋಡನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನಿಂದ ಪುಣೆ, ಮುಂಬಯಿಗಳ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ, ಚಿತ್ರದುರ್ಗಕ್ಕೂ ದಾವಣಗೆರೆಗೂ ನಡುವೆ ಇರುವ ಊರಿದು. ಬೆಂಗಳೂರು-ಹುಬ್ಬಳ್ಳಿ ರೈಲುಮಾರ್ಗ ದಾವಣಗೆರೆ, ಹರಿಹರಗಳನ್ನು ಹಾದುಹೋಗುತ್ತದೆ. ಕೆಲಸಕ್ಕೆಂದು ಊರು ಬಿಡುವವರೂ, ಅವರನ್ನು ನಂಬಿಸಿ ಕರೆದೊಯ್ಯುವವರೂ, ತಪ್ಪಿಸಿಕೊಂಡು ಮರಳುವವರೂ ಇದೇ ದಾರಿಯಲ್ಲಿ ಸಾಗುತ್ತಾರೆ. ಮನೆಗೆಲಸವೆಂದು ನಂಬಿಸಿ ಮಹಾನಗರಕ್ಕೆ ಒಯ್ಯಲ್ಪಟ್ಟ ಹತ್ತೊಂಬತ್ತು ವರ್ಷದ ಯುವತಿಯೊಬ್ಬಳು ಅಲ್ಲಿಂದ ಪಾರಾಗಿ ಒಂದು ಸಂಜೆ ಆನಗೋಡಿನಲ್ಲಿ ಬಸ್ಸಿನಿಂದ ಇಳಿದಳೆಂದು ಭಾವಿಸೋಣ. ಅವಳ ಬಳಿ ಒಂದು ಮೊಬೈಲ್ ಇದೆ. ಕೊಟ್ಟವನು ಅವಳನ್ನು ಕರೆದೊಯ್ದವನೇ.

ಅವಳಿಗೆ ದೊರೆಯುವ ಬಾಗಿಲುಗಳು ಕಡಿಮೆಯೇನಲ್ಲ. ಮಹಿಳಾ ಸಹಾಯವಾಣಿ 181, ತುರ್ತು ನೆರವಿಗೆ 112, ಉಚಿತ ಕಾನೂನು ನೆರವಿಗೆ 15100, ರೈಲಿನಲ್ಲಿದ್ದರೆ 139. ಹದಿನೆಂಟರೊಳಗಿನವಳಾಗಿದ್ದರೆ 1098. 1996ರಲ್ಲಿ ಮುಂಬಯಿಯಲ್ಲಿ ಬೀದಿಮಕ್ಕಳಿಗಾಗಿ ಆರಂಭವಾದ ಈ ಮಕ್ಕಳ ಸಹಾಯವಾಣಿಯನ್ನು 2023ರಿಂದ ಮಿಷನ್ ವಾತ್ಸಲ್ಯದ ಅಡಿಯಲ್ಲಿ ರಾಜ್ಯ ಸರ್ಕಾರಗಳಿಗೆ ವಹಿಸಿ 112ಕ್ಕೆ ಜೋಡಿಸಲಾಗುತ್ತಿದೆ. 181ಕ್ಕೆ ಬಂದ ಕರೆ ಜಿಲ್ಲೆಯ ‘ಸಖಿ’ ಏಕ ನಿಲುಗಡೆ ಕೇಂದ್ರಕ್ಕೆ ತಲುಪುತ್ತದೆ. 2015ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವೈದ್ಯಕೀಯ ನೆರವು, ಪೊಲೀಸ್ ನೆರವು, ವಕೀಲರ ಸಲಹೆ, ಆಪ್ತಸಮಾಲೋಚನೆ ಒಂದೇ ಸೂರಿನಡಿ ದೊರೆಯುತ್ತವೆ. ಕರ್ನಾಟಕದಲ್ಲಿ 2000-01ರಿಂದ ‘ಸಾಂತ್ವನ’ ಕೇಂದ್ರಗಳೂ ಇವೆ.

ದೂರು ಎಲ್ಲಿ ಕೊಡಬೇಕು ಎಂಬ ಪ್ರಶ್ನೆ ಬಹಳ ಜನರನ್ನು ತಡೆದು ನಿಲ್ಲಿಸುತ್ತದೆ. ಅಪರಾಧ ನಡೆದದ್ದು ಮಹಾರಾಷ್ಟ್ರದಲ್ಲಾದರೆ ಇಲ್ಲಿನ ಠಾಣೆ ಏನು ಮಾಡೀತು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಯಾವ ಠಾಣೆಯಾದರೂ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು. ಮಾಹಿತಿಯನ್ನು ವಿದ್ಯುನ್ಮಾನ ಮಾಧ್ಯಮದ ಮೂಲಕವೂ ಕಳುಹಿಸಬಹುದು. ಕಳುಹಿಸಿದವರು ಮೂರು ದಿನಗಳೊಳಗೆ ಸಹಿ ಹಾಕಬೇಕು. ಕಳ್ಳಸಾಗಣೆಯ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮು ಅನ್ವಯಿಸುತ್ತದೆ. ಸಾಗಿಸಲ್ಪಟ್ಟವಳು ಒಪ್ಪಿದ್ದಳೇ ಇಲ್ಲವೇ ಎಂಬುದು ಆ ಕಲಮಿನಡಿ ಅಪ್ರಸ್ತುತವೆಂಬುದನ್ನು ಗುರುಗಳು ವಿಶೇಷವಾಗಿ ಗಮನಿಸಬೇಕು. ‘ತಾನೇ ಒಪ್ಪಿ ಹೋದವಳಲ್ಲವೇ’ ಎಂಬ ಮಾತು ನಮ್ಮ ದೇವಾಲಯದ ಅಂಗಳದಲ್ಲೂ ಕೇಳಿಬರುತ್ತದೆ. ಕಾನೂನು ಕೇಳದ ಪ್ರಶ್ನೆಯನ್ನು ಕ್ರೈಸ್ತರು ಕೇಳುವುದು ಶೋಭಿಸದು.

ಹೀಗೆ ಬಾಗಿಲುಗಳಿದ್ದರೂ ಅವಳ ಕೈಯಲ್ಲಿರುವ ಸಾಧನವೇ ಅಪಾಯದ್ದು. ಆ ಮೊಬೈಲಿನಲ್ಲಿ ಅವಳಿರುವ ಸ್ಥಳ ಇನ್ನೊಬ್ಬನಿಗೆ ಕಾಣುತ್ತಿರಬಹುದು. ಮಾಡಿದ ಕರೆಗಳ ಗುರುತು ಉಳಿಯುತ್ತದೆ. ಆದುದರಿಂದ ಮೊದಲ ಕರೆ ಧರ್ಮಕೇಂದ್ರದ ಕಚೇರಿಯ ದೂರವಾಣಿಯಿಂದ ಹೋಗುವುದು ಲೇಸು. ಅವಳ ಮೊಬೈಲನ್ನು ಆರಿಸಿ ಜೋಪಾನವಾಗಿಡಬೇಕು. ಅದರಲ್ಲಿರುವ ಸಂದೇಶಗಳು ಸಾಕ್ಷ್ಯವಾಗುತ್ತವೆ. ಅವನ್ನು ಅಳಿಸಬಾರದು, ನಾವು ತೆರೆದು ಓದಲೂಬಾರದು, ಸಹಾಯ ಮಾಡುವ ಉತ್ಸಾಹದಲ್ಲಿ ಮತ್ತೊಬ್ಬರಿಗೆ ಕಳುಹಿಸಲಂತೂ ಬಾರದು. ಅವಳು ಪ್ರಾಪ್ತ ವಯಸ್ಕಳಾದ್ದರಿಂದ ಯಾರಿಗೆ ಕರೆ ಮಾಡಬೇಕು, ಮಾಡಬೇಕೇ ಬೇಡವೇ ಎಂಬುದನ್ನು ಅವಳೇ ನಿರ್ಧರಿಸಬೇಕು. ಸಂಖ್ಯೆಯನ್ನು ನಾವು ಒತ್ತಿಕೊಟ್ಟರೂ ಮಾತು ಅವಳದಾಗಿರಲಿ.

ಸಖಿ ಕೇಂದ್ರದಲ್ಲಿ ತಾತ್ಕಾಲಿಕ ವಸತಿ ಹೆಚ್ಚೆಂದರೆ ಐದು ದಿನ. ಆನಂತರ ಮಿಷನ್ ಶಕ್ತಿಯ ಅಡಿಯ ‘ಶಕ್ತಿ ಸದನ’ಕ್ಕೆ ಹೋಗಬಹುದು, ಇಲ್ಲವೇ ಮನೆಗೆ. ನಿಜವಾದ ಕಷ್ಟ ಆಗ ಆರಂಭವಾಗುತ್ತದೆ. ಜೀತದಿಂದ ಬಿಡುಗಡೆಯಾದವರಿಗೆ 2016ರ ಕೇಂದ್ರ ಯೋಜನೆಯಂತೆ ಪುನರ್ವಸತಿ ಹಣವುಂಟು: ವಯಸ್ಕ ಪುರುಷನಿಗೆ 1 ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ ಹಾಗೂ ಕಳ್ಳಸಾಗಣೆಯಂತಹ ತೀವ್ರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ. ಈ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಆ ಖಾತೆಗೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಯಾರದು? ಅವಳನ್ನು ಮಾರಿದವನದೇ ಆಗಿದ್ದರೆ ಒಟಿಪಿ ಅವನಿಗೇ ಹೋಗುತ್ತದೆ. ಆಧಾರ್ ಕೇಂದ್ರಕ್ಕೆ ಕರೆದೊಯ್ದು ಅವಳ ಹೆಬ್ಬೆರಳ ಗುರುತಿನೊಂದಿಗೆ ಸಂಖ್ಯೆ ಬದಲಿಸಿ, ಬ್ಯಾಂಕಿನಲ್ಲಿ ಜೊತೆಗೆ ಕುಳಿತು ಹೊಸ ಖಾತೆ ತೆರೆಸುವ ಕೆಲಸವನ್ನು ಯಾವ ಸಹಾಯವಾಣಿಯೂ ಮಾಡಿಕೊಡಲಾರದು. ಅದಕ್ಕೆ ಒಂದು ಇಡೀ ದಿನ ಬಿಡುವು ಮಾಡಿಕೊಳ್ಳುವ ಒಬ್ಬ ಅಕ್ಕ ಬೇಕು. ಲಾಜರನನ್ನು ಸಮಾಧಿಯಿಂದ ಕರೆದವರು ಪ್ರಭುವೇ. ಅವನ ಕಟ್ಟುಗಳನ್ನು ಬಿಚ್ಚುವ ಕೆಲಸವನ್ನು ಮಾತ್ರ ಸುತ್ತ ನಿಂತವರಿಗೆ ಬಿಟ್ಟರು (ಯೊವಾನ್ನ 11:44). ಇಂದಿನ ಕಟ್ಟುಗಳಲ್ಲಿ ಒಟಿಪಿಯೂ ಒಂದು ಎಂದರೆ ಗುರುವಿದ್ಯಾರ್ಥಿಗಳು ನಗಬಹುದು. ಬ್ಯಾಂಕಿನ ಸರತಿಯಲ್ಲಿ ಒಮ್ಮೆ ನಿಂತು ಬಂದವರು ನಗಲಾರರು.

ಪಟ್ಟಿಗಳೂ ಒಂದು ಬಗೆಯ ತಂತ್ರಜ್ಞಾನವೇ. ಉಚ್ಚಂಗಿದುರ್ಗವಿರುವ ಹರಪನಹಳ್ಳಿ ತಾಲ್ಲೂಕು 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. ಮುತ್ತು ಕಟ್ಟುವ ಪದ್ಧತಿಯನ್ನು ನಿಷೇಧಿಸಿ ಕರ್ನಾಟಕವು 1982ರಲ್ಲೇ ಕಾಯಿದೆ ಮಾಡಿದ್ದರೂ ಆ ಪದ್ಧತಿ ಈ ಸೀಮೆಯಲ್ಲಿ ಉಳಿದೇ ಬಂತು. ಅದರ ನೆಪದಲ್ಲಿ ಹೆಣ್ಣುಮಕ್ಕಳು ಮಹಾನಗರಗಳ ವೇಶ್ಯಾಗೃಹಗಳಿಗೆ ಸಾಗಿಸಲ್ಪಟ್ಟರು. 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ 46,660 ಮಂದಿ ದೇವದಾಸಿಯರನ್ನು ಗುರುತಿಸಲಾಯಿತು. ಮಾಸಾಶನ, ವಸತಿ ಮುಂತಾದ ಸವಲತ್ತುಗಳು ಈ ಪಟ್ಟಿಯನ್ನು ಆಧರಿಸಿ ಬಂದವು. ಸಮೀಕ್ಷೆಯ ದಿನ ಊರಲ್ಲಿಲ್ಲದವಳು, ಶಿಕ್ಷೆಯ ಭಯದಿಂದ ಮುಚ್ಚಿಟ್ಟವಳು ಕಂಪ್ಯೂಟರಿನ ಪಾಲಿಗೆ ಇಲ್ಲವೇ ಇಲ್ಲ. ಅಂಥವಳನ್ನು ಹೆಸರಿಡಿದು ಬಲ್ಲವರು ಅದೇ ಕೇರಿಯವರು, ಕೆಲವೊಮ್ಮೆ ಆ ಕೇರಿಗೆ ಹೋಗಿಬರುವ ಧರ್ಮಭಗಿನಿಯರು.

ಗೌಪ್ಯತೆಯ ವಿಷಯಕ್ಕೆ ಬಂದರೆ, ನಮ್ಮ ಧರ್ಮಕೇಂದ್ರಗಳ ವಾಟ್ಸ್ಆ್ಯಪ್ ಗುಂಪುಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕಾಗಿದೆ. ಹೆಸರು, ಊರು ಸಮೇತ ಪ್ರಾರ್ಥನಾ ಕೋರಿಕೆ. ಹೊಲಿಗೆ ಯಂತ್ರ ವಿತರಿಸುವ ಭಾವಚಿತ್ರ. ‘ನಮ್ಮ ಆಶ್ರಯದಲ್ಲಿರುವ ಹೆಣ್ಣುಮಕ್ಕಳೊಂದಿಗೆ ಕ್ರಿಸ್ಮಸ್’ ಎಂಬ ವಿಡಿಯೊ. ಬಾಲನ್ಯಾಯ ಕಾಯಿದೆಯ 74ನೆಯ ಕಲಮು ನೊಂದ ಮಗುವಿನ ಗುರುತನ್ನು ಯಾವುದೇ ಸಂವಹನ ಮಾಧ್ಯಮದಲ್ಲಿ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಂತೆ ಅಪರಾಧ. ಆದರೆ ಕಾನೂನಿಗಿಂತ ಮೊದಲೇ ಪ್ರಭು ಆ ಮನೆಯಿಂದ ಜನರನ್ನು ಹೊರಗೆ ಕಳುಹಿಸಿದ್ದಾರೆ. ದಾನಿಗಳಿಗೆ ವರದಿ ಬೇಕೆಂಬ ನೆಪ ನಮಗೆ ಒಪ್ಪಿಗೆಯಾಗದು; ಮುಖವಿಲ್ಲದ ವರದಿಯನ್ನು ಒಪ್ಪದ ದಾನಿಯ ಹಣವಿಲ್ಲದೆಯೂ ಊಟ ಹಾಕಬಹುದು.

ಗುರುವಿದ್ಯಾರ್ಥಿಗಳು ತರಗತಿಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಪಾಪನಿವೇದನೆಯದು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕೆಂದು ಪೋಕ್ಸೊ ಕಾಯಿದೆಯ 19ನೆಯ ಕಲಮು ವಿಧಿಸುತ್ತದೆ. ತಿಳಿಸದಿದ್ದರೆ 21ನೆಯ ಕಲಮಿನಂತೆ ಶಿಕ್ಷೆಯುಂಟು. ಇತ್ತ ಧರ್ಮಸಭೆಯ ಕಾನೂನು ಸಂಹಿತೆಯ 983ನೆಯ ವಿಧಿಯಂತೆ ಪಾಪನಿವೇದನೆಯ ಮುದ್ರೆಯನ್ನು ಯಾವ ಕಾರಣಕ್ಕೂ ಮುರಿಯುವಂತಿಲ್ಲ. ಕಚೇರಿಯಲ್ಲಿ, ಮನೆಭೇಟಿಯಲ್ಲಿ, ಆಪ್ತಸಮಾಲೋಚನೆಯಲ್ಲಿ ತಿಳಿದದ್ದಕ್ಕೆ ಈ ಮುದ್ರೆ ಅನ್ವಯಿಸುವುದಿಲ್ಲ. ಅಲ್ಲಿ ಕಾನೂನಿನಂತೆ ತಿಳಿಸಲೇಬೇಕು. ಆದರೆ ನೊಂದವಳೇ ಪಾಪನಿವೇದನೆಯ ಪೀಠದಲ್ಲಿ ಹೇಳಿಕೊಂಡರೆ? 2019ರ ಜೂನ್ 29ರ ದಿನಾಂಕದ ಟಿಪ್ಪಣಿಯಲ್ಲಿ ವ್ಯಾಟಿಕನ್ನಿನ ಪ್ರೇಷಿತ ಪ್ರಾಯಶ್ಚಿತ್ತ ನ್ಯಾಯಪೀಠವು ಇದಕ್ಕೆ ಮಾರ್ಗ ತೋರಿಸಿದೆ: ಪರರ ಕೇಡಿಗೆ ಬಲಿಯಾದವರು ನಿವೇದನೆಗೆ ಬಂದಾಗ ಅವರ ಹಕ್ಕುಗಳನ್ನೂ, ದೂರು ಸಲ್ಲಿಸಲು ಇರುವ ಕಾನೂನಿನ ದಾರಿಗಳನ್ನೂ ಅವರಿಗೆ ತಿಳಿಸಿಕೊಡಬೇಕು. ಅಂದರೆ ತಾನು ಕರೆ ಮಾಡಲಾಗದ ಆ ಪೀಠದಲ್ಲಿ ಕುಳಿತ ಗುರುವಿಗೆ ಆ ಸಂಖ್ಯೆಗಳು ಬಾಯಿಪಾಠವಾಗಿರಬೇಕು. ಪಾಪವಿಮೋಚನೆಯ ಪ್ರಾರ್ಥನೆಯಷ್ಟೇ ಸರಾಗವಾಗಿ 181, 1098, 112 ಎಂದು ಹೇಳಲು ಬರಬೇಕು. ಅವಳು ಮಾಡಿದ್ದಕ್ಕೂ ಅವಳ ಮೇಲೆ ಮಾಡಲ್ಪಟ್ಟದ್ದಕ್ಕೂ ಇರುವ ಅಂತರವನ್ನು ಅಲ್ಲಿಯೇ ತಿಳಿಹೇಳಬೇಕು.

ಬಲೆ ಬೀಸುವವರು ತಂತ್ರಜ್ಞಾನದಲ್ಲಿ ನಮಗಿಂತ ಮುಂದಿದ್ದಾರೆಂಬುದನ್ನು ಪೋಪ್ ಫ್ರಾನ್ಸಿಸ್ ‘ಫ್ರತೆಲ್ಲಿ ತುತ್ತಿ’ಯ (2020) 24ನೆಯ ಪರಿಚ್ಛೇದದಲ್ಲೇ ಎಚ್ಚರಿಸಿದ್ದರು. 2025ರ ಮಾರ್ಚ್ 10 ಮತ್ತು 11ರಂದು ಥಾಯ್ಲೆಂಡಿನ ಮೇ ಸೋಟ್‌ನಿಂದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಕಂಪ್ಯೂಟರ್ ಕೆಲಸವೆಂಬ ಆಮಿಷದಿಂದ ಕರೆದೊಯ್ದು ಆಗ್ನೇಯ ಏಷ್ಯಾದ ಸೈಬರ್ ವಂಚನೆಯ ಕೇಂದ್ರಗಳಲ್ಲಿ ದುಡಿಸಲಾಗಿತ್ತು. ದಾವಣಗೆರೆಯಂತಹ ಕಾಲೇಜುಗಳ ಊರಿನ ಯುವಕರಿಗೂ ಇಂತಹ ಸಂದೇಶಗಳು ಬರುತ್ತವೆ. ವಿದೇಶದ ಕೆಲಸ ಕೊಡಿಸುವ ಏಜೆಂಟನು ನೋಂದಾಯಿತನೇ ಎಂಬುದನ್ನು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಪರಿಶೀಲಿಸುವುದನ್ನು ಯುವಜನರ ಕೂಟದಲ್ಲಿ ಅರ್ಧ ಗಂಟೆಯಲ್ಲಿ ಕಲಿಸಬಹುದು.

ಮಾತಾಡುವ ಯಂತ್ರಗಳಿಗೆ ಆಪ್ತಸಮಾಲೋಚನೆಯನ್ನು ಒಪ್ಪಿಸುವ ಯೋಚನೆಯೂ ಕೆಲವರಲ್ಲಿದೆ. ಭಾಷಾಂತರಕ್ಕೆ ಅವು ಉಪಯುಕ್ತವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ; ಬಂಗಾಳಿ ಮಾತ್ರ ಬಲ್ಲವಳು ಹರಿಹರದ ರೈಲು ನಿಲ್ದಾಣದಲ್ಲಿ ಇಳಿದರೆ ಆ ಕ್ಷಣಕ್ಕೆ ಅದೇ ಗತಿ. ಆದರೆ 2025ರ ಜನವರಿ 28ರ ‘ಅಂತೀಕ್ವಾ ಎತ್ ನೋವಾ’ ದಸ್ತಾವೇಜು ಸ್ಪಷ್ಟಪಡಿಸಿರುವಂತೆ ಯಂತ್ರಕ್ಕೆ ಅನುಕಂಪವಿಲ್ಲ, ಅದನ್ನು ವ್ಯಕ್ತಿಯೆಂದು ಬಿಂಬಿಸುವುದು ವಂಚನೆ. ವಂಚನೆಯಿಂದಲೇ ಬದುಕು ಮುರಿದವಳಿಗೆ ಇನ್ನೊಂದು ವಂಚನೆ ಬೇಡ. ಮನಸ್ಸು ಕುಸಿದಾಗ ಕನ್ನಡದಲ್ಲೇ ಮನುಷ್ಯರು ಮಾತಾಡುವ ಟೆಲಿ-ಮಾನಸ್ 14416 ಇದೆ.

ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಬಸಿಲಿಕಾಕ್ಕೆ ಹರಕೆ ಹೊತ್ತ ಜನ ಜಾತಿಮತ ನೋಡದೆ ಬರುತ್ತಾರೆ. ಆ ಜಂಗುಳಿಯಲ್ಲಿ ಯಾರು ಯಾರಿಂದ ಪಾರಾಗಿ ಬಂದವರೆಂದು ಯಾರಿಗೂ ತಿಳಿಯದು. ಇಂತಹ ಹಬ್ಬಗಳಲ್ಲಿ ದೊಡ್ಡ ಫಲಕಕ್ಕಿಂತ ಮಹಿಳೆಯರ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿದ ಚೀಟಿ ಹೆಚ್ಚು ಕೆಲಸ ಮಾಡುತ್ತದೆ. ಅಲ್ಲಿ ಅವಳು ಒಬ್ಬಳೇ ಇರುತ್ತಾಳೆ. ಜೊತೆಗೆ ಬಂದವನು ಹೊರಗೆ ನಿಂತಿರುತ್ತಾನೆ. ಚೀಟಿಯಲ್ಲಿ ಮೂರು ಸಂಖ್ಯೆಗಳು, ಅವುಗಳ ಕೆಳಗೆ ಆ ದಿನ ದೇವಾಲಯದ ಯಾವ ಕೋಣೆಯಲ್ಲಿ ಧರ್ಮಭಗಿನಿಯೊಬ್ಬರು ಇರುತ್ತಾರೆಂಬ ಒಂದು ಸಾಲು. ಆ ಕೋಣೆಯಲ್ಲಿ ಒಂದು ದೂರವಾಣಿ, ಒಳಗಿನಿಂದ ಹಾಕಿಕೊಳ್ಳಬಹುದಾದ ಚಿಲಕ, ಮತ್ತು ಬಿಸಿ ಅನ್ನ ಸಾರು ಇರಲಿ.