ಟ್ರಿಗರ್ ಎಷ್ಟು ಹಗುರವಿರಬೇಕು?

ಕೈಲ್ ಮುಹೂರ್ತಕ್ಕೆ ಕೋವಿ ಪೂಜಿಸುವ ಸದಸ್ಯ ಬಾಂಧವರಿಗೆ ಅಮೆರಿಕದ ಈ ಸಂಗತಿ ತಿಳಿದಿರಲಿ. ಅಲ್ಲಿನ ಬೇಟೆಗಾರರಲ್ಲಿ ಹಲವರು ರೆಮಿಂಗ್ಟನ್ 700 ರೈಫಲ್ಲಿಗೆ ಬೇರೆ ಕಂಪನಿಯ ಟ್ರಿಗರ್ ಕೂಡಿಸುತ್ತಾರೆ. ಶೋಕಿಯೊಂದೇ ಕಾರಣವಲ್ಲ. 2006ರಿಂದ 2014ರವರೆಗೆ ತಯಾರಾದ ರೈಫಲ್ಲುಗಳು ಅಕಸ್ಮಾತ್ ಸಿಡಿಯಬಹುದೆಂದು ತಯಾರಕರೇ 2014ರಲ್ಲಿ ವಾಪಸ್ ಕರೆಸಿದರು. ಟ್ರಿಗರ್ ಜೋಡಿಸುವಾಗ ಅಂಟು ಹೆಚ್ಚಾಗಿತ್ತಂತೆ!

ಇಂಥ ಬದಲಿ ಟ್ರಿಗರುಗಳಲ್ಲಿ ಎಳೆತದ ಬಿಗಿಯನ್ನು ಬೇಕಾದಂತೆ ಹೊಂದಿಸಬಹುದು. ಗುರಿಸ್ಪರ್ಧೆಗೆ ಹಗುರ ಸರಿ. ಆದರೆ ಚಳಿಗೆ ಬೆರಳು ಮರಗಟ್ಟುವ ಬೇಟೆಯಲ್ಲಿ 3 ಪೌಂಡಿಗಿಂತ ಕಡಿಮೆ ಬೇಡವೆಂದೇ ನನ್ನ ಅಭಿಪ್ರಾಯ. ಕೂಡಿಸಿದ ಮೇಲೆ ತೋಟಾ ತೆಗೆದು, ಬೋಲ್ಟನ್ನು ರಭಸದಿಂದ ಮುಚ್ಚಿ, ಹಿಂಬದಿಯನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿ ನೋಡುತ್ತಾರೆ. ಒಳಗೆ ಟಕ್ಕೆಂದು ಬಿದ್ದರೆ ಆ ಹೊಂದಿಕೆ ಸಲ್ಲದು.

ನಮ್ಮ ಕೋವಿಯ ಟ್ರಿಗರ್ ಸಡಿಲವಾಗಿದ್ದರೆ ಮನೆಯಲ್ಲಿ ಬಿಚ್ಚಬೇಡಿ; ಲೈಸೆನ್ಸುಳ್ಳ ರಿಪೇರಿಯವರಿಗೇ ತೋರಿಸಿ.