ಬಾಗಿಲು ಹಾಕಿಕೊಂಡ ಪ್ರೀತಿ

2023ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಪೊಲೀಸರು ಒಂದು ಜೋಡಿಯನ್ನು ಹಿಡಿದರು. ಗಂಡ ಉತ್ತರ ಪ್ರದೇಶದವನು, ಇಲ್ಲಿ ಸೆಕ್ಯುರಿಟಿ ಗಾರ್ಡ್. ಹೆಂಡತಿ ಪಾಕಿಸ್ತಾನದ ಸಿಂಧ್ ಕಡೆಯ ಹುಡುಗಿ, ವಯಸ್ಸು 19. ಪರಿಚಯವಾದದ್ದು ಮೊಬೈಲಿನ ಲೂಡೊ ಆಟದಲ್ಲಿ. ಅವಳು ನೇಪಾಳಕ್ಕೆ ಬಂದಳು, ಅಲ್ಲೇ ಮದುವೆಯಾಯಿತು, ಗಡಿ ದಾಟಿ ಬಂದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದರು. ಬೇರೆ ಹೆಸರಿನಲ್ಲಿ ಆಧಾರ್ ಕಾರ್ಡೂ ಬಂತು. ತವರಿನವರನ್ನು ಮಾತಾಡಿಸಲು ಹೋದದ್ದೇ ಸುಳಿವಾಯಿತು ಎಂದು ಪತ್ರಿಕೆಗಳು ಬರೆದವು. ಫೆಬ್ರುವರಿಯಲ್ಲಿ ಅವಳನ್ನು ಅಟ್ಟಾರಿ ಗಡಿಯಲ್ಲಿ ಆಚೆಗೆ ಒಪ್ಪಿಸಿದರು.

ನಮ್ಮ ಪಗಡೆಯ ವಂಶದ ಆಟವನ್ನೇ ಸರಳ ಮಾಡಿ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಮಾಡಿಸಿಕೊಂಡದ್ದು ಲೂಡೊ. ಪಗಡೆಯಾಡಿ ಹೆಂಡತಿಯನ್ನು ಪಣಕ್ಕಿಟ್ಟು ಸೋತ ಕಥೆ ನಮಗೆ ಬಾಯಿಪಾಠ. ಪಗಡೆಯಾಡಿ ಹೆಂಡತಿಯನ್ನು ಪಡೆದವನ ಕಥೆ ಇದೇ ಮೊದಲಿರಬೇಕು.

ಮುಖ ನೋಡದೆ ಎಂಥ ಪ್ರೀತಿ ಎಂದು ನಗುವ ಹಿರಿಯರು ರವಿಚಂದ್ರನ್ ಅವರ 'ಯಾರೇ ನೀನು ಚೆಲುವೆ'ಯನ್ನು ನೆನಪಿಸಿಕೊಳ್ಳಬೇಕು. ತಮಿಳಿನ 'ಕಾದಲ್ ಕೋಟ್ಟೈ'ನಿಂದ 1998ರಲ್ಲಿ ಕನ್ನಡಕ್ಕೆ ಬಂದ ಈ ಸಿನಿಮಾದ ಜೋಡಿ ಒಬ್ಬರನ್ನೊಬ್ಬರು ನೋಡದೆಯೇ ಪ್ರೀತಿಸುತ್ತದೆ. ಆಗ ಯಾರೂ ನಗಲಿಲ್ಲ, ಕರ್ಚೀಫು ತೆಗೆದರು. ನೋಡದೆ ಪ್ರೀತಿಸುವುದು ಹೇಗೆ ಸಾಧ್ಯ ಎನ್ನುವುದಕ್ಕೆ ಅಮೆರಿಕದ ಸಂವಹನ ಸಂಶೋಧಕ ಜೋಸೆಫ್ ವಾಲ್ಥರ್ 1996ರಲ್ಲೇ ಒಂದು ವಿವರಣೆ ಕೊಟ್ಟಿದ್ದರು. ಬರೆಯುವವರಿಗೆ ಅಳಿಸಿ, ತಿದ್ದಿ, ತಮ್ಮ ಒಳ್ಳೆಯ ಮುಖವನ್ನಷ್ಟೇ ಕಳಿಸಲು ಪುರಸೊತ್ತಿರುತ್ತದೆ. ಓದುವವರು ಸಿಕ್ಕಿದ ನಾಲ್ಕು ಸಾಲಿನ ನಡುವಿನ ಜಾಗಕ್ಕೆ ತಮಗೆ ಬೇಕಾದ್ದನ್ನೆಲ್ಲ ತುಂಬಿಕೊಳ್ಳುತ್ತಾರೆ. ಅವರು ಹಾಗೆ ಭಾವಿಸಿದ್ದು ಉತ್ತರದಲ್ಲಿ ಕಾಣುತ್ತದೆ, ಅದಕ್ಕೆ ತಕ್ಕಂತೆ ಬರೆಯುವವರು ಇನ್ನಷ್ಟು ಒಳ್ಳೆಯವರಾಗುತ್ತಾರೆ. ಎದುರಾಬದುರು ಕೂತವರಿಗಿಂತ ಇವರಿಬ್ಬರು ಹೆಚ್ಚು ಹತ್ತಿರವಾಗುವುದು ಹೀಗೆ. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಹಿಡಿದು ನಿಲ್ಲುವವಳೂ ತನ್ನ ಇಡೀ ಸ್ವಭಾವವನ್ನೇನೂ ತಟ್ಟೆಯಲ್ಲಿ ಇಟ್ಟುಕೊಂಡು ಬರುವುದಿಲ್ಲ.

ನಮ್ಮಲ್ಲಿ ಇಂಥ ಮುಖ ನೋಡದ ಪ್ರೀತಿಗೆ ಇನ್ನೊಂದು ಕಾರಣವೂ ಸೇರಿದೆ. ಪ್ರಾಯದ ಹುಡುಗ ಹುಡುಗಿ ಇಬ್ಬರೇ ಕೂತು ಮಾತಾಡುವ ಜಾಗ ಎಲ್ಲಿದೆ? ಮನೆಯಲ್ಲಿ ಅಜ್ಜಿ, ಬೀದಿಯಲ್ಲಿ ಅಂಗಡಿಯಣ್ಣ, ಪಾರ್ಕಿನ ಬೆಂಚಿನಲ್ಲಿ ಕೂತರೆ ವಾಚ್‌ಮನ್‌ ಸೀಟಿ. ಇಂಟರ್ನೆಟ್ ಅವರಿಗೆ ಕೊಟ್ಟದ್ದು ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ. ಮೊದಲು ಅದು ಸೈಬರ್ ಕೆಫೆಯ ಪ್ಲೈವುಡ್ ಕ್ಯಾಬಿನ್ ಆಗಿತ್ತು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಯಾಹೂ ಚಾಟಿಗೋ, 2004ರಿಂದ 2014ರವರೆಗಿದ್ದ ಆರ್ಕುಟ್‌ಗೋ ಹೊಕ್ಕರೆ ಆಯಿತು. ಈಗ ಅದು ದಿಂಬಿನ ಪಕ್ಕದ ಮೊಬೈಲು. ನಮ್ಮೂರ ಯಾವ ಪರಿಚಯದಲ್ಲೂ ಮೂರನೆಯ ಮಾತಿಗೇ ಬರುವ 'ನೀವು ಯಾವ ಜನ?' ಎಂಬ ಪ್ರಶ್ನೆಯನ್ನು ಅಲ್ಲಿ ಕೇಳುವವರಿಲ್ಲ. ಅದೇ ಇಂಟರ್ನೆಟ್ಟಿನ ಮ್ಯಾಟ್ರಿಮೊನಿ ತಾಣಗಳಲ್ಲಿ ಜಾತಿ, ಉಪಜಾತಿ, ಗೋತ್ರಕ್ಕೆ ಬೇರೆ ಬೇರೆ ಖಾನೆಗಳೇ ಇವೆ ಎನ್ನುವುದು ಬೇರೆ ಮಾತು.

ಆ ಕೋಣೆಯೊಳಗೆ ಮೂರನೆಯವರಿಲ್ಲದಿರುವುದೇ ಮೋಸಗಾರನಿಗೂ ಅನುಕೂಲ. ವಿದೇಶದ ಡಾಕ್ಟರೋ ಎಂಜಿನಿಯರೋ ತಿಂಗಳುಗಟ್ಟಲೆ ಅಕ್ಕರೆಯಿಂದ ಮಾತಾಡುತ್ತಾನೆ, ಒಂದು ದಿನ ಉಡುಗೊರೆ ಕಳಿಸಿದೆ ಎನ್ನುತ್ತಾನೆ. ಆಮೇಲೆ ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಯೆಂದು ಇನ್ನೊಬ್ಬ ಫೋನ್ ಮಾಡಿ ಸುಂಕ ಕೇಳುತ್ತಾನೆ, ಕಟ್ಟಿದರೆ ದಂಡ ಕೇಳುತ್ತಾನೆ. ಪಕ್ಕದಲ್ಲಿ ಒಬ್ಬ ಅಕ್ಕನೋ ಗೆಳತಿಯೋ ಇದ್ದಿದ್ದರೆ ಎರಡನೇ ಫೋನಿಗೇ ಮುಗಿಯಬೇಕಾದ ಆಟ. ದುಡ್ಡು ಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಆದರೆ ದುಡ್ಡು ಹೋಯಿತು ಎನ್ನಬೇಕಾದರೆ ಮೊದಲು ಪ್ರೀತಿಸಿದ್ದೆ ಎನ್ನಬೇಕಲ್ಲ, ಅಲ್ಲೇ ಬಾಯಿ ಕಟ್ಟುತ್ತದೆ.

ಇನ್ನು ನಿಜವಾದ ಪ್ರೀತಿಯೇ ಆಯಿತು ಎನ್ನಿ. ಧರ್ಮ ಬೇರೆಯಾದರೆ 1954ರ ವಿಶೇಷ ವಿವಾಹ ಕಾಯ್ದೆಯೇ ಮುಖ್ಯ ದಾರಿ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ಕೊಟ್ಟ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ಇನ್ನೂ 30 ದಿನ ಕಾಯಬೇಕು, ಅಷ್ಟರಲ್ಲಿ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ಹುಡುಗಿಯ ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಒಂದು ಪ್ರತಿ ಅಲ್ಲಿನ ವಿವಾಹಾಧಿಕಾರಿಗೂ ಹೋಗಿ ಅಲ್ಲೂ ಅಂಟುತ್ತದೆ. ನಮ್ಮಲ್ಲಿ ವಿವಾಹಾಧಿಕಾರಿ ಎಂದರೆ ಸಬ್‌ರಿಜಿಸ್ಟ್ರಾರ್. ಕ್ರಯಪತ್ರ, ಭೋಗ್ಯಪತ್ರ ಎಂದು ಅರ್ಧ ಊರೇ ಎಡತಾಕುವ ಕಚೇರಿ ಅದು. ಕಾನೂನು ಒಪ್ಪುವ ತಕರಾರುಗಳು ಕೆಲವೇ: ಮೊದಲ ಮದುವೆ ಊರ್ಜಿತದಲ್ಲಿದೆಯೇ, ಮದುವೆಯ ವಯಸ್ಸಾಗಿದೆಯೇ, ಇಂಥವು. ಅಪ್ಪನಿಗೆ ಒಪ್ಪಿಗೆಯಿಲ್ಲ ಎನ್ನುವುದು ಆ ಪಟ್ಟಿಯಲ್ಲಿಲ್ಲ. ಆದರೆ ಅಪ್ಪನಿಗೆ ಸುದ್ದಿ ಮುಟ್ಟಲು ತಕರಾರೇ ಬೇಕಿಲ್ಲ, ನೋಟಿಸ್ ಸಾಕು.