ಕೆಎ-38ರ ಮಾರುತಿ ಮತ್ತೆ ರಸ್ತೆಗಿಳಿದ ಕಥೆ

ಬೀದರಿನ ನಮ್ಮ ಮನೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ನಾಲ್ಕು ವರ್ಷದಿಂದ ಒಂದು ಬಿಳಿ ಮಾರುತಿ 800 ನಿಂತೇ ಇತ್ತು. 1999ರಲ್ಲಿ ಅಪ್ಪ ಸಾಲ ಮಾಡಿ ಕೊಂಡದ್ದು. 2019ರಲ್ಲಿ ಎರಡನೇ ಸಲ ಆರ್‌ಸಿ ನವೀಕರಿಸಿಕೊಂಡು ಬಂದವರು, ಅದೇ ವರ್ಷ ಕಣ್ಣಿನ ಆಪರೇಷನ್ ಆದ ಮೇಲೆ ಸ್ಟಿಯರಿಂಗ್ ಹಿಡಿಯಲಿಲ್ಲ. 2023ರ ಬೇಸಿಗೆಯಲ್ಲಿ ಗುಜರಿಯವನೊಬ್ಬ 18 ಸಾವಿರಕ್ಕೆ ಕೇಳಿದ. ಅಪ್ಪ ಫೋನ್ ಮಾಡಿ, "ಕೊಟ್ಟುಬಿಡ್ಲಾ?" ಅಂದರು. "ಬ್ಯಾಡ, ನಾ ಒಯ್ತೀನಿ" ಅಂದೆ. ಹೆಂಡತಿ ನನ್ನ ಮುಖ ನೋಡಿದಳು.

ಜಹೀರಾಬಾದ್ ಮಾರ್ಗವಾಗಿ ಸುಮಾರು 140 ಕಿಲೋಮೀಟರ್ ಲಾರಿಯ ಮೇಲೆ ಕೂತು ಕಾರು ಹೈದರಾಬಾದಿಗೆ ಬಂತು. ಕುಕಟಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಇಳಿಸಿದೆವು. ಹೊಸ ಬ್ಯಾಟರಿ ಹಾಕಿ, ಹಳೆಯ ಪೆಟ್ರೋಲ್ ಬಸಿದು, ಹೊಸದು ಸುರಿದು ಕೀಲಿ ತಿರುಗಿಸಿದೆ. ಐದಾರು ಸಲ ಕೆಮ್ಮಿ ಎಂಜಿನ್ ಶುರುವಾಯಿತು! ಎಂಟು ವರ್ಷದ ಮಗಳು ಪಕ್ಕದ ಸೀಟಿನಲ್ಲಿ ಚಪ್ಪಾಳೆ ತಟ್ಟಿದಳು. ಒಂದು ಸುತ್ತು ಹಾಕೋಣವೆಂದು ಗೇರ್ ಹಾಕಿದೆ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಕಂಬಕ್ಕೆ ಗುದ್ದಿದ್ದೆ. ವೇಗ ಹತ್ತೂ ಇರಲಿಲ್ಲ, ಬಂಪರ್ ಮಾತ್ರ ಬಾಗಿತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಅದೇ ಇಳಿಜಾರಿನ ಮೇಲೆ ಆಗಿದ್ದರೆ?

ಹಳೆಯ ಕಾರು ಎಬ್ಬಿಸುವ ನಮ್ಮಂಥವರು ಮಾಡುವ ಮೊದಲ ತಪ್ಪು ಇದೇ. ಎಂಜಿನ್ ಶುರುವಾದರೆ ಕಾರು ಬದುಕಿತು ಅಂದುಕೊಳ್ಳುತ್ತೇವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಆ ನೀರು ಒಳಗಿನ ಸಿಲಿಂಡರುಗಳಿಗೆ ತುಕ್ಕು ಹಿಡಿಸುತ್ತದೆ, ರಬ್ಬರ್ ಸೀಲ್ ಸೋರತೊಡಗುತ್ತದೆ. ನನ್ನ ಕಾರಿನ ಹಿಂದಿನ ಎರಡೂ ಡ್ರಮ್ಮುಗಳಲ್ಲಿ ಆಗಿದ್ದು ಅದೇ.

ಮರುದಿನ ಮೂವತ್ತು ವರ್ಷದಿಂದ ಮಾರುತಿಗಳನ್ನೇ ಬಿಚ್ಚಿ ಜೋಡಿಸುತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಹುಡುಕಿದೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. "ಹೋ ಜಾತಾ ಸಾಬ್, ಪರ್ಸೋಂ ಆವೋ" ಅಂದರು. ಹೈದರಾಬಾದಿನಲ್ಲಿ ಇರುವವರಿಗೆ ಗೊತ್ತು, ಇಲ್ಲಿನ ಪರ್ಸೋಂ ಅಂದರೆ ನಾಡಿದ್ದೂ ಆಗಬಹುದು, ದೀಪಾವಳಿಯೂ ಆಗಬಹುದು. ನನ್ನ ಪರ್ಸೋಂ ಐದು ತಿಂಗಳು ಹಿಡಿಯಿತು.

ಚಾಚಾ ಹಾಕಿಕೊಟ್ಟ ಕ್ರಮ ಹೀಗಿತ್ತು. ಮೊದಲು ನಿಲ್ಲಬೇಕು, ಆಮೇಲೆ ತಿರುಗಬೇಕು, ಆಮೇಲೆ ಓಡಬೇಕು, ಕೊನೆಗೆ ಚೆಂದ ಕಾಣಬೇಕು. ಬ್ರೇಕಿಗೆ 9,500 ರೂಪಾಯಿ. ನಾಲ್ಕು ಟೈರಿಗೆ 11,000. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ತಯಾರಾದ ವಾರ, ಉಳಿದೆರಡು ವರ್ಷ. ನನ್ನದರಲ್ಲಿ 1714 ಎಂದಿತ್ತು, ಅಂದರೆ 2014ರ ಹದಿನೇಳನೇ ವಾರ. ಗೀರು ಇನ್ನೂ ಆಳವಾಗಿಯೇ ಇದ್ದವು, ಆದರೆ ರಬ್ಬರ್ ಬಿರಿದಿತ್ತು. ಸಸ್ಪೆನ್ಷನ್ ಬುಷ್‌, ಶಾಕ್‌ಗಳಿಗೆ 8,000. ಪೆಟ್ರೋಲ್ ಟ್ಯಾಂಕ್ ತೊಳೆದು, ಪೈಪ್ ಬದಲಿಸಿ, ಕಾರ್ಬುರೇಟರ್ ಬಿಚ್ಚಿ ಸೇರಿಸಲು 7,000. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಹಳೆಯ ರಬ್ಬರ್ ಪೈಪಿಗೆ ಅದು ಆಗಿಬರುವುದಿಲ್ಲ, ನಿಂತ ಗಾಡಿಯಲ್ಲಿ ನೀರನ್ನೂ ಎಳೆದುಕೊಳ್ಳುತ್ತದೆ. ರೇಡಿಯೇಟರ್, ಟೈಮಿಂಗ್ ಬೆಲ್ಟ್ ಇತ್ಯಾದಿಗೆ 6,500. ತುಕ್ಕು ಹಿಡಿದ ನೆಲದ ತಗಡು ಬೆಸುಗೆ ಮತ್ತು ಬಣ್ಣಕ್ಕೆ 22,000. ಒಟ್ಟು 64,000 ರೂಪಾಯಿ. ಮಾರಲು ಹೋದರೆ ಇದರ ಅರ್ಧವೂ ಬರದು. ಹಳೆ ಕಾರು ಎಬ್ಬಿಸಿ ದುಡ್ಡು ಉಳಿಸಿದೆ ಎಂದು ಯಾರಾದರೂ ಹೇಳಿದರೆ ಬಿಲ್ಲು ತೋರಿಸಲು ಹೇಳಿ.

ಮಾರುತಿ 800 ಆಗಿದ್ದಕ್ಕೆ ಇಷ್ಟಕ್ಕೆ ಮುಗಿಯಿತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟಲ್ಲಿಂದ 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ 25 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅದೇ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಓಮ್ನಿಯಲ್ಲೂ ಇತ್ತು. ಹಾಗಾಗಿ ರಾಣಿಗಂಜ್‌ನ ಬಿಡಿಭಾಗದ ಅಂಗಡಿಗಳಲ್ಲಿ ಅರ್ಧ ದಿನ ಸುತ್ತಿದರೆ ಬೇಕಾದದ್ದು ಸಿಗುತ್ತದೆ. ಅಪರೂಪದ ಕಾರು ಎಬ್ಬಿಸುವ ಆಸೆಯಿದ್ದವರು ಇದನ್ನು ಯೋಚಿಸಿ.

ಕಾರು ಓಡತೊಡಗಿದಾಗ ಆಫೀಸಿನ ಗೆಳೆಯರು ಇನ್ನೊಂದು ಹುಚ್ಚು ಹತ್ತಿಸಿದರು: "ಆಟೋಕ್ರಾಸ್‌ಗೆ ಇಳಿಸು!" ಆಸೆ ಆಗದಿರಲಿಲ್ಲ. ಹೆಚ್ಚೂಕಡಿಮೆ 650 ಕಿಲೋ ತೂಕದ ಈ ಕಾರು ತಿರುವಿನಲ್ಲಿ ಚುರುಕು. ಕೊಯಮತ್ತೂರಿನ ಎಸ್. ಕರಿವರ್ಧನ್ ಇದೇ ಎಂಜಿನ್ ಇಟ್ಟು ಅಗ್ಗದ ಒಂಟಿ ಸೀಟಿನ ರೇಸ್ ಕಾರು ಕಟ್ಟಿದ್ದರು. ಮುಂದೆ 2005ರಲ್ಲಿ ಫಾರ್ಮುಲಾ ಒನ್ ಮುಟ್ಟಿದ ನಾರಾಯಣ್ ಕಾರ್ತಿಕೇಯನ್ ಶುರು ಮಾಡಿದ್ದು ಆ ಫಾರ್ಮುಲಾ ಮಾರುತಿಯಲ್ಲೇ. ಆದರೆ ಸ್ಪರ್ಧೆಗೆ ರೋಲ್ ಕೇಜ್, ಬಕೆಟ್ ಸೀಟು, ಹೆಲ್ಮೆಟ್ಟು ಅಂತ ಹೊರಟರೆ ಅದು ಬೇರೆಯೇ ಕಾರು. ಕಂಪನಿ ಮಾಡಿಕೊಟ್ಟ ರಚನೆಯನ್ನು ಮನಬಂದಂತೆ ಬದಲಿಸಿದ ಗಾಡಿ ರಸ್ತೆಗೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಎರಡೂ ಬೇಕೆಂದರೆ ಎರಡು ಕಾರು ಬೇಕು. ನಮ್ಮ ಪಾರ್ಕಿಂಗ್‌ನಲ್ಲಿ ಅಷ್ಟು ಜಾಗವಿಲ್ಲ, ಮನೆಯಲ್ಲಿ ಅಷ್ಟು ಸಹನೆಯೂ ಇಲ್ಲ.

ಉಳಿದದ್ದು ಕಾಗದ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಗಾಡಿ ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು. ಬೀದರಿನಿಂದ ಎನ್‌ಒಸಿ ತಂದೆ, ಇಲ್ಲಿ ತೆರಿಗೆ ಕಟ್ಟಿದೆ, ತಪಾಸಣೆಗೆ ನಿಲ್ಲಿಸಿದೆ. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ಇದ್ದದ್ದು 5,000 ಆಗಿತ್ತು, ಈ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ. 2024ರಲ್ಲಿ ಕೆಎ-38 ಹೋಗಿ ಟಿಜಿ ಬಂತು. ಹಳೆಯ ಫಲಕ ಬಿಚ್ಚುವಾಗ ಕೈ ಸ್ವಲ್ಪ ತಡೆಯಿತು. ಅದೀಗ ನನ್ನ ಪುಸ್ತಕದ ಕಪಾಟಿನ ಮೇಲಿದೆ.

ವಾರಕ್ಕೆ ನಾಲ್ಕು ದಿನ ಆಫೀಸಿಗೆ ಅದರಲ್ಲೇ ಹೋಗುತ್ತೇನೆ, 11 ಕಿಲೋಮೀಟರ್. ಮಾಧಾಪುರದ ಟ್ರಾಫಿಕ್ಕಿನಲ್ಲಿ ಯಾವ ಕಾರಾದರೂ ನಲವತ್ತು ದಾಟುವುದಿಲ್ಲ. ಹೊರವರ್ತುಲ ರಸ್ತೆಗೆ ಮಾತ್ರ ಒಯ್ಯುವುದಿಲ್ಲ. ಮಗಳನ್ನೂ ಅದರಲ್ಲಿ ಹತ್ತಿಸುವುದಿಲ್ಲ. ಏರ್‌ಬ್ಯಾಗ್ ಇಲ್ಲದ, ತೆಳು ತಗಡಿನ 1999ರ ಕಾರು ಎಷ್ಟೇ ಚೆನ್ನಾಗಿ ಎದ್ದು ನಿಂತರೂ 1999ರದ್ದೇ. ಅವಳು ಇನ್ನೂ ಸಿಟ್ಟಾಗಿದ್ದಾಳೆ.

ಹೋದ ಸಂಕ್ರಾಂತಿಗೆ ಅಪ್ಪ ಬಂದಿದ್ದರು. ನೆಲಮಾಳಿಗೆಗೆ ಕರೆದೊಯ್ದೆ. ಬಣ್ಣ ನೋಡಲಿಲ್ಲ, ಎಂಜಿನ್ ಶುರು ಮಾಡೆನ್ನಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಪೆಡಲ್ ಎರಡು ಸಲ ಒತ್ತಿ ನೋಡಿದರು.

"ಗಟ್ಟಿ ಅದ" ಅಂದರು.